ತೆರೆಗೆ ಬೆನ್ನು ಹಾಕಿ ಕೂತವರು

ಚಿತ್ರ ಶುರುವಾಗುತ್ತಲೇ ತೆರೆಗೆ ಬೆನ್ನು ಹಾಕಿ ಕೂರುವ ಮನುಷ್ಯನನ್ನು ನೀವು ಕಂಡಿದ್ದೀರಾ? ಆ ಚಲನಚಿತ್ರ ಶಾಲೆಯಲ್ಲಿ ಅಂಥವರೊಬ್ಬರಿದ್ದರು. ಪ್ರದರ್ಶನ ಕೋಣೆಯ ಕಪ್ಪು ಪರದೆಗಳನ್ನೆಳೆದು, ದೀಪವಾರಿಸಿ, ಎಲ್ಲರೂ ತೆರೆಯತ್ತ ಮುಖ ಮಾಡಿ ಸುಮ್ಮನಾದ ಮೇಲೆ, ಅವರೊಬ್ಬರು ಮಾತ್ರ ಮರದ ಕುರ್ಚಿಯೊಂದನ್ನು ಕರಕರ ಎಳೆದುಕೊಂಡು ಹೋಗಿ ತೆರೆಯ ಬುಡದಲ್ಲಿ ಹಾಕಿ, ನೋಡುವವರಿಗೆ ಎದುರಾಗಿ ಕೂತು, ಮಿನುಗುವ ಮುಳ್ಳುಗಳ ಗಡಿಯಾರವನ್ನು ಒಂದು ಮೊಣಕಾಲಿನ ಮೇಲೂ ನೀಳವಾದ ಟಿಪ್ಪಣಿ ಪುಸ್ತಕವನ್ನು ಇನ್ನೊಂದರ ಮೇಲೂ ಇಟ್ಟುಕೊಳ್ಳುತ್ತಿದ್ದರು. ತಮ್ಮ ಹಿಂದಿನಿಂದ ಹರಿದುಬಂದ ಬೆಳಕು ಎದುರಿನ ಮುಖಗಳ ಮೇಲೆ ಬಿದ್ದು, ಆರಿ, ಮತ್ತೆ ಬೀಳುವುದೇ ಅವರ ಪಾಲಿನ ಚಿತ್ರ. ಹತ್ತು ಸೆಕೆಂಡಿಗೆ ಪುಸ್ತಕದ ಒಂದು ಸಾಲು; ಯಾರಾದರೂ ಮಿಸುಕಿದರೆ ಅದರಲ್ಲೊಂದು ಗೀಟು, ಕೆಮ್ಮಿದರೆ ಒಂದು ಸೊನ್ನೆ, ಬಾಗಿಲ ಕಡೆ ನೋಡಿದರೆ ಎರಡು ಗೀಟು. ಯಾರೂ ಏನೂ ಮಾಡದೆ ಮೈಮರೆತು ಕೂತಿದ್ದರೆ ಆ ಸಾಲು ಖಾಲಿ. ಖಾಲಿ ಸಾಲುಗಳು ಹೆಚ್ಚಿದಷ್ಟೂ ಚಿತ್ರ ಒಳ್ಳೆಯದು ಎಂಬುದು ಅವರ ಶಾಸ್ತ್ರ.

ವಿದ್ಯಾರ್ಥಿಗಳು ಅವರನ್ನು ಉಲ್ಟಾ ಮೇಷ್ಟ್ರು ಎಂದು ಕರೆಯುತ್ತಿದ್ದರು. ಎದುರಿಗಲ್ಲ, ಆದರೆ ಅದು ಅವರಿಗೆ ಗೊತ್ತಿಲ್ಲದ ಸಂಗತಿಯೂ ಅಲ್ಲ. ತೆಗೆದ ದೃಶ್ಯಗಳನ್ನು ಕತ್ತರಿಸಿ ಜೋಡಿಸುವ ಸಂಕಲನ ಕಲೆಯನ್ನು ಕಲಿಸುವುದು ಅವರ ವೃತ್ತಿ. ನಲವತ್ತು ವರ್ಷ ಕತ್ತರಿಸಿ ಕತ್ತರಿಸಿ ಅದು ವೃತ್ತಿಯಿಂದ ಸ್ವಭಾವಕ್ಕೆ ಇಳಿದುಬಿಟ್ಟಿತ್ತು. ನಡೆಯುವಾಗಲೂ ನಡುವಿನ ಒಂದೆರಡು ಹೆಜ್ಜೆಗಳನ್ನು ತೆಗೆದುಹಾಕಿದವರಂತೆ, ಸರಕ್ಕನೆ ಇಲ್ಲಿದ್ದವರು ಅಲ್ಲಿರುತ್ತಿದ್ದರು. ಆಮೇಲೆ ಕಾರಣವೇ ಇಲ್ಲದೆ ಮೆಟ್ಟಿಲ ಮೇಲೆ ನಿಂತುಬಿಡುತ್ತಿದ್ದರು. ಸೆಕೆಯಿರಲಿ ಚಳಿಯಿರಲಿ, ಮೈಮೇಲೆ ಅದೇ ಬೂದುಬಣ್ಣದ ಕೋಟು. ಅದರ ತೋಳು ಮಣಿಕಟ್ಟಿಗಿಂತ ಎರಡು ಬೆರಳು ಮೇಲೆಯೇ ಮುಗಿಯುತ್ತಿತ್ತು, ಜೇಬಿನಲ್ಲಿ ಮೊಂಡು ಪೆನ್ಸಿಲುಗಳು ಗಲಗಲ ಎನ್ನುತ್ತಿದ್ದವು. ಮಾತು ಶುರುವಾಗುತ್ತಿದ್ದದ್ದು ಯಾವಾಗಲೂ "ತಪ್ಪು ತಿಳ್ಕೋಬೇಡ" ಎಂದು. ಅದರ ಬೆನ್ನಿಗೆ ಬರುತ್ತಿದ್ದದ್ದು ತಪ್ಪು ತಿಳಿಯದೆ ಗತಿಯೇ ಇಲ್ಲದ ಮಾತು. ಒಮ್ಮೆ ಹೆಂಡತಿ ನೆಂಟರ ಮನೆಯ ಜಗಳವನ್ನು ಸವಿಸ್ತಾರವಾಗಿ ಹೇಳುತ್ತಿದ್ದಾಗ ಇವರು "ತಪ್ಪು ತಿಳ್ಕೋಬೇಡ, ಮಧ್ಯದ್ದು ಬಿಟ್ಟು ಹೇಳು" ಎಂದರಂತೆ. ಆ ಮಹಾತಾಯಿ ಮೂರು ದಿನ ಬಾಯಿ ಬಿಡಲಿಲ್ಲ. ನಾಲ್ಕನೆಯ ದಿನ ಇವರೇ ಸೋತು ಏನಾಯಿತೆಂದು ಕೇಳಿದರೆ, "ಏನಿಲ್ಲಾರೀ, ಮಧ್ಯದ್ದೆಲ್ಲಾ ತೆಗೆದೆ, ಏನೂ ಉಳೀಲಿಲ್ಲ" ಎಂದರಂತೆ. ಈ ಕಥೆಯನ್ನು ಪ್ರತಿ ವರ್ಷ ತರಗತಿಯಲ್ಲಿ ಅವರೇ ಹೇಳಿ, ಯಾರು ಎಲ್ಲಿ ನಕ್ಕರೆಂದು ಗಮನಿಸುತ್ತಿದ್ದರು.

ಇಂಥವರ ಕೈಗೆ ಸಿಕ್ಕವಳು ಕೊನೆಯ ವರ್ಷದ ಒಬ್ಬ ಹುಡುಗಿ. ಅವಳ ಚಿತ್ರ ಅವಳ ಚಿಕ್ಕಮ್ಮನನ್ನು ಕುರಿತದ್ದು. ಹುಡುಗಿಯನ್ನು ಎರಡು ವರ್ಷದ ಕೂಸಾಗಿದ್ದಾಗಿನಿಂದ ಸಾಕಿದವಳು ಈ ಚಿಕ್ಕಮ್ಮ. ಬೀದಿಯ ಮೂಲೆಯ ಇಕ್ಕಟ್ಟಾದ ಅಂಗಡಿಯಲ್ಲಿ ಗಂಡಸರ ಅಂಗಿ ಹೊಲಿಯುವವಳು. ಹದಿನೆಂಟು ವರ್ಷದ ಹಿಂದೆ ಒಂದು ಬೆಳಗ್ಗೆ ಏಳುವಷ್ಟರಲ್ಲಿ ಅವಳ ಮುಖದ ಎಡಭಾಗ ಜಡವಾಗಿತ್ತು. ಔಷಧಿಗೆ ಅರ್ಧ ಮರಳಿತು, ಅರ್ಧ ಮರಳಲಿಲ್ಲ. ಬಾಯಿಯ ಎಡತುದಿ ಕೆಳಕ್ಕೆ ಜಾರಿ ಅಲ್ಲಿಯೇ ನಿಂತಿತು. ಅಂದಿನಿಂದ ಕ್ಯಾಮೆರಾ ಕಂಡರೆ ಕೈ ಅಡ್ಡ ಹಿಡಿಯುತ್ತಿದ್ದಳು. ಗುರುತಿನ ಚೀಟಿಯನ್ನೂ ಫೋಟೋ ಒಳಗಾಗುವಂತೆ ಮಡಚಿ ಪೆಟ್ಟಿಗೆಯ ತಳಕ್ಕೆ ಹಾಕಿದ್ದಳು. ಅಂಥವಳು ಸಾಕಿದ ಮಗಳ ಮುಖ ನೋಡಿ ಒಪ್ಪಿಕೊಂಡಿದ್ದಳು, ಒಂದು ಷರತ್ತಿನ ಮೇಲೆ. "ಮೊದಲು ನನಗೆ ತೋರಿಸ್ಬೇಕು. ಹೂಂ ಅಂದ್ರೆ ಜನಕ್ಕೆ ತೋರ್ಸು. ಉಹೂಂ ಅಂದ್ರೆ ಅಲ್ಲಿಗೆ ಮುಗೀತು, ಅಳೋ ಹಾಗಿಲ್ಲ." ಹುಡುಗಿ ಮಾತು ಕೊಟ್ಟಿದ್ದಳು. ಉಹೂಂ ಎಂದರೆ ಒಂದು ವರ್ಷದ ದುಡಿಮೆ ನೀರುಪಾಲು. ಅದು ಹೋದರೆ ಹೋಗಲಿ, ತನ್ನ ಚಿತ್ರ ನೋಡಿ ಚಿಕ್ಕಮ್ಮನ ಮನಸ್ಸು ನೊಂದರೆ ಏನು ಗತಿ ಎಂಬುದೇ ಅವಳ ಭಯ.

ಅದಕ್ಕೇ ನಾಲ್ಕು ನಿಮಿಷದ ಆ ಚಿತ್ರವನ್ನು ಅವಳು ಬಹಳ ಉಪಾಯದಿಂದ ಕಟ್ಟಿದ್ದಳು. ಕಿಟಕಿಯಿಂದ ಇಳಿಯುವ ಬಿಸಿಲು, ಬಿಸಿಲಲ್ಲಿ ತೇಲುವ ನೂಲಿನ ಧೂಳು, ತಿರುಗುವ ಚಕ್ರ, ಸೂಜಿಯ ಏರಿಳಿತ, ಮೆಟ್ಟುವ ಪಾದಗಳು, ನೀಲಿ ಬಟ್ಟೆಯ ಮೇಲೆ ನಿಧಾನವಾಗಿ ಹರಿಯುವ ಬಳಪದ ಗೆರೆ. ಮುಖವೊಂದನ್ನು ಬಿಟ್ಟು ಮಿಕ್ಕೆಲ್ಲವೂ ಅದರಲ್ಲಿತ್ತು. ಕೊನೆಗೊಮ್ಮೆ ಚಿಕ್ಕಮ್ಮ ಬಲಗಡೆಯ ಹಲ್ಲಿನಿಂದ ದಾರ ಕಡಿದು ತಲೆಯೆತ್ತುತ್ತಾಳೆ. ಎತ್ತಿದಳೋ ಇಲ್ಲವೋ, ದೃಶ್ಯ ಹಾರಿ ಮತ್ತೆ ಕಿಟಕಿಗೇ ಹೋಗುತ್ತದೆ.

ಪ್ರೇಕ್ಷಕರನ್ನು ಆರಿಸಿ ತರುವುದೂ ಮೇಷ್ಟ್ರ ಕೆಲಸವೇ. ಅಂದು ಬಂದವರಲ್ಲಿ ಇಬ್ಬರು ಸಹಪಾಠಿಗಳು. ಉಳಿದವರು ಫ್ಯಾನು ರಿಪೇರಿಗೆಂದು ಬಂದಿದ್ದ ಎಲೆಕ್ಟ್ರಿಷಿಯನ್, ಕಸ ಗುಡಿಸುವಾಕೆ, ಗೇಟಿನ ಕಾವಲುಗಾರ. ಚೆನ್ನಾಗಿದೆಯಾ ಎಂದು ಮೇಷ್ಟ್ರು ಯಾರನ್ನೂ ಕೇಳುತ್ತಿರಲಿಲ್ಲ. ಹಾಗೆ ಕೇಳಿದರೆ ಪಾಪ, ಜನ ಚೆನ್ನಾಗಿದೆ ಎಂದೇ ಹೇಳಿಬಿಡುತ್ತಾರೆ. "ಏನು ನೆನಪಲ್ಲಿ ಉಳೀತು?" ಎಂಬುದಷ್ಟೇ ಅವರ ಪ್ರಶ್ನೆ. ಸಹಪಾಠಿಯೊಬ್ಬ ಬೆಳಕಿನ ಲಯ ಎಂದ, ಇನ್ನೊಬ್ಬಳು ವಸ್ತುಗಳ ಮೌನ ಎಂದಳು. ಮೇಷ್ಟ್ರು ಇಬ್ಬರಿಗೂ ತಲೆಯಾಡಿಸಿ ಯಾವುದನ್ನೂ ಬರೆದುಕೊಳ್ಳಲಿಲ್ಲ. ಎಲೆಕ್ಟ್ರಿಷಿಯನ್ ತಲೆ ಕೆರೆದುಕೊಂಡು, "ಆಯಮ್ಮ ಹಲ್ಲಲ್ಲಿ ದಾರ ಕಡಿದ್ರಲ್ಲ ಸಾರ್, ಅದು" ಎಂದ. ಕಸ ಗುಡಿಸುವಾಕೆಗೆ ನಿಜವಾಗಿ ಸಿಟ್ಟು ಬಂದಿತ್ತು. "ಆಮೇಲೆ ಅವರು ಎಲ್ಲಿಗೆ ಹೋದ್ರು? ಮತ್ತೆ ಬರ್ತಾರೆ, ಮತ್ತೆ ಬರ್ತಾರೆ ಅಂತ ನಾನು ಕಾಯ್ತಾನೇ ಇದ್ದೆ!" ಕಾವಲುಗಾರ ಪ್ರಾಮಾಣಿಕ ಮನುಷ್ಯ, ಎರಡನೆಯ ನಿಮಿಷಕ್ಕೇ ತಾನು ನಿದ್ದೆ ಹೋದೆನೆಂದು ಒಪ್ಪಿಕೊಂಡ.

ಎಲ್ಲರೂ ಎದ್ದುಹೋದ ಮೇಲೆ ಮೇಷ್ಟ್ರು ಪುಸ್ತಕವನ್ನು ಹುಡುಗಿಯತ್ತ ತಿರುಗಿಸಿದರು. ಗೀಟು, ಗೀಟು, ಸೊನ್ನೆ, ಗೀಟು. ಇಡೀ ನಾಲ್ಕು ನಿಮಿಷದಲ್ಲಿ ಒಂದೇ ಒಂದು ಸಾಲು ಖಾಲಿ, ದಾರ ಕಡಿದು ತಲೆಯೆತ್ತಿದ ಗಳಿಗೆಯದು.

"ತಪ್ಪು ತಿಳ್ಕೋಬೇಡ. ಸೂಜಿ ಚೆನ್ನಾಗಿದೆ, ಚಕ್ರ ಚೆನ್ನಾಗಿದೆ. ಆದ್ರೆ ನಿನಗೆ ಆ ಮುಖ ಕಂಡ್ರೆ ಭಯ."

ಹುಡುಗಿಗೆ ಕಣ್ಣು ತುಂಬಿಬಂತು. "ಭಯ ನನಗಲ್ಲ ಸಾರ್, ಅವರಿಗೆ."

"ಬಚ್ಚಿಡು ಅಂದಿದ್ರಾ ಅವರು?"

ಹಾಗೆ ಅಂದಿರಲಿಲ್ಲ. ಮೊದಲು ತನಗೆ ತೋರಿಸು ಎಂದಿದ್ದಳು, ಅಷ್ಟೇ. ಬಚ್ಚಿಟ್ಟವಳು ತಾನೇ ಎಂಬುದು ಹುಡುಗಿಗೆ ಅಲ್ಲಿ ನಿಂತ ಕಾಲಲ್ಲೇ ಹೊಳೆಯಿತು, ನಾಚಿಕೆಯೂ ಆಯಿತು.

ಆಮೇಲಿನ ಹನ್ನೊಂದು ದಿನಗಳನ್ನು ಅವಳು ಎಚ್ಚರದಲ್ಲಿ ಕಳೆದಳೋ ಕನಸಿನಲ್ಲಿ ಕಳೆದಳೋ ಹೇಳುವುದು ಕಷ್ಟ. ಹೊರಗೆ ಮಟಮಟ ಮಧ್ಯಾಹ್ನ; ಸಂಕಲನದ ಕೋಣೆಯೊಳಗೆ ಮಾತ್ರ ಹೊತ್ತೇ ಇಲ್ಲದ ಮಬ್ಬು. ಆ ಮಬ್ಬಿನಲ್ಲಿ ಚಿಕ್ಕಮ್ಮ ತಲೆಯೆತ್ತುತ್ತಾಳೆ, ತಗ್ಗಿಸುತ್ತಾಳೆ, ಕಡಿದ ದಾರ ಹಿಂದಕ್ಕೆ ಓಡಿ ಕೂಡಿಕೊಳ್ಳುತ್ತದೆ, ಆರಿದ ಬಿಸಿಲು ಮತ್ತೆ ಕಿಟಕಿಗೆ ಏರುತ್ತದೆ. ಊಟಕ್ಕೆಂದು ಎದ್ದು ಹೊರಬಂದರೆ ಮೆಟ್ಟಿಲುಗಳ ಮೇಲೂ ಹೊಲಿಗೆ ಯಂತ್ರದ ಸದ್ದೇ ಕೇಳುತ್ತಿತ್ತು. ಬೀದಿಯಲ್ಲಿ ಹೋಗುವವರ ನಡುವಿನ ಖಾಲಿ ಜಾಗಗಳೂ ಎಲ್ಲಿ ಕತ್ತರಿಸಬೇಕು, ಎಲ್ಲಿ ಬಿಡಬೇಕು ಎಂದು ಕೇಳಿದಂತೆ ಅನ್ನಿಸುತ್ತಿತ್ತು. ದಿನಕ್ಕೊಂದು ರೂಪ, ದಿನಕ್ಕೊಂದಿಷ್ಟು ಹೊಸ ಮುಖಗಳು. ಪುಸ್ತಕದಲ್ಲಿ ಗೀಟುಗಳು ಕಡಿಮೆಯಾಗುತ್ತ ಬಂದವು. ನಾಲ್ಕು ನಿಮಿಷ ಎರಡೂವರೆಗೆ ಇಳಿಯಿತು. ಈಗ ಚಿತ್ರ ಕಪ್ಪಿನಲ್ಲಿ ಶುರುವಾಗುತ್ತದೆ, ಯಂತ್ರದ ಸದ್ದು ಕೇಳಿ, ನಿಲ್ಲುತ್ತದೆ, ಚಿಕ್ಕಮ್ಮ ದಾರ ಕಡಿದು ತಲೆಯೆತ್ತಿ ನೇರ ನಮ್ಮನ್ನೇ ನೋಡಿ, "ಏನೇ, ಊಟ ಆಯ್ತಾ?" ಎನ್ನುತ್ತಾಳೆ. ಒಂಬತ್ತು ಸೆಕೆಂಡು ಆ ಮುಖ ಕದಲುವುದಿಲ್ಲ. ಚಕ್ರ, ಸೂಜಿ, ಪಾದ, ಎಲ್ಲ ಆಮೇಲೆ.

ಒಂಬತ್ತೋ ಏಳೋ ಎಂಬುದರಲ್ಲಿ ಮಾತ್ರ ಹುಡುಗಿಗೆ ದಿಕ್ಕು ತೋಚದಾಯಿತು. ಮೇಷ್ಟ್ರು ಹಿಂದಿನಿಂದ ಬಂದು ನಿಂತು, "ನಿನ್ನ ಕಣ್ಣು ಸವೆದಿದೆ. ಎಡಬಲ ತಿರುಗಿಸಿ ನೋಡು" ಎಂದರು. ಕನ್ನಡಿಯಲ್ಲಿ ಕಂಡಂತೆ ಚಿತ್ರವನ್ನು ಅದಲುಬದಲು ಮಾಡಿದರೆ ಹಳೆಯ ದೃಶ್ಯ ಹೊಸದಾಗುತ್ತದೆ, ತಪ್ಪುಗಳು ತಾವಾಗಿ ಕಣ್ಣಿಗೆ ಬೀಳುತ್ತವೆ ಎಂಬುದು ಆ ವೃತ್ತಿಯವರ ಹಳೆಯ ಚಮತ್ಕಾರ. ಹಾಗೆಯೇ ಆಯಿತು. ಇಲ್ಲೊಂದು ಚೂರು, ಅಲ್ಲೊಂದು ಚೂರು ಹೋಯಿತು, ಒಂಬತ್ತು ಸೆಕೆಂಡು ಒಂಬತ್ತಾಗಿಯೇ ಉಳಿಯಿತು. ಎರಡು ದಿನ ತಿರುಗಿಸಿದ ಚಿತ್ರದಲ್ಲೇ ಕೆಲಸ ನಡೆದು, ಅವಳ ಕಣ್ಣು ಅದಕ್ಕೂ ಒಗ್ಗಿಹೋಯಿತು.

ಚಿಕ್ಕಮ್ಮ ಬಂದದ್ದು ಗುರುವಾರ ಮಧ್ಯಾಹ್ನ, ಒಂದು ಅಂಗಿಗೂ ಇನ್ನೊಂದಕ್ಕೂ ನಡುವೆ ಬಿಡುವು ಮಾಡಿಕೊಂಡು. ಅಳತೆಯ ಟೇಪು ಕುತ್ತಿಗೆಯಲ್ಲೇ ಇತ್ತು. ಖಾಲಿ ಕೋಣೆಯ ನಟ್ಟನಡುವೆ ಅವಳನ್ನು ಕೂರಿಸಿದರು. ಮೇಷ್ಟ್ರು ಕುರ್ಚಿ ಎಳೆದುಕೊಂಡು ಎದುರು ಕೂತರು. ಹುಡುಗಿಯೂ ಇಷ್ಟರಲ್ಲಿ ಅವರ ಪಕ್ಕಾ ಶಿಷ್ಯೆಯಾಗಿದ್ದಳಷ್ಟೆ. ಪಕ್ಕದಲ್ಲಿ ಓರೆಯಾಗಿ ಕೂತು ಚಿಕ್ಕಮ್ಮನ ಮುಖವನ್ನೇ ನೋಡತೊಡಗಿದಳು. ಮೂವರಲ್ಲಿ ತೆರೆ ನೋಡುತ್ತಿದ್ದವಳು ಒಬ್ಬಳೇ.

ಕಪ್ಪು ಸರಿಯಿತು, ಸದ್ದು ನಿಂತಿತು. ಚಿಕ್ಕಮ್ಮನ ಕೈ ಬಾಯಿಯ ತನಕ ಅರ್ಧ ಏರಿ, ಅಲ್ಲೇ ತಡೆದು, ಮೆಲ್ಲಗೆ ಮಡಿಲಿಗೆ ಇಳಿಯಿತು. ಎರಡೂವರೆ ನಿಮಿಷ ಅವಳು ಮಿಸುಕಲಿಲ್ಲ.

"ಇನ್ನೊಂದ್ಸಲ ಹಾಕು."

ಎರಡನೆಯ ಸಲಕ್ಕೆ ಅವಳ ಮುಖದ ಬಿಗುವು ಬಿಟ್ಟಿತು. "ಇದು ನಾನೇ ಕಣೇ. ತಲೆ ಬಾಚ್ಕೊಳ್ಳುವಾಗ ಹೇಗೆ ಕಾಣ್ತೀನೋ ಹಾಗೇ ಇದ್ದೀನಿ. ಇಷ್ಟೇ ಅಲ್ವಾ? ಇಷ್ಟು ವರ್ಷ ಏನೇನೋ ಅಂದ್ಕೊಂಡು ಹೆದರಿದ್ದೆ." ಹುಡುಗಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಚಿಕ್ಕಮ್ಮ ಹುಬ್ಬು ಗಂಟಿಕ್ಕಿದಳು. "ಅಲ್ಲಾ, ನನ್ನ ಮಿಷನ್ನಿನ ಚಕ್ರ ಎಡಗೈ ಕಡೆ ಯಾಕೆ ಹೋಯ್ತು? ಅಂಗಿ ಗುಂಡೀನೂ ಆಚೆ ಬದಿಗಿದೆ!"

ಮೇಷ್ಟ್ರು ಧಡಕ್ಕನೆ ಎದ್ದು ತೆರೆಯ ಕಡೆ ತಿರುಗಿದರು. ಒಂದು ಗಳಿಗೆ ನೋಡಿ ಹಣೆ ಚಚ್ಚಿಕೊಂಡರು. ತಿರುಗಿಸಿದ ಚಿತ್ರವನ್ನು ಸರಿ ಮಾಡುವುದನ್ನೇ ಗುರುಶಿಷ್ಯರಿಬ್ಬರೂ ಮರೆತಿದ್ದರು! ತೆರೆಯ ಮೇಲೆ ಕಣ್ಣಿಟ್ಟ ಯಾರಿಗಾದರೂ ಕಾಣಬಹುದಾದ ತಪ್ಪು ಅದು. ನೋಡುವವರನ್ನು ನೋಡುವುದರಲ್ಲೇ ಮುಳುಗಿದ್ದ ಈ ಇಬ್ಬರಿಂದ ಮಾತ್ರ ಆಗಬಹುದಾದದ್ದು. ಕೋಟಿನ ಗಿಡ್ಡ ತೋಳುಗಳನ್ನು ಕೆಳಕ್ಕೆ ಎಳೆದುಕೊಳ್ಳುತ್ತ ಅವರು ಗದರಿಸಿಕೊಂಡ ಮಗುವಿನ ಹಾಗೆ ನಿಂತಿದ್ದರು.

ಚಿತ್ರವನ್ನು ಸರಿಗೆ ತಂದು ಮತ್ತೆ ಹಾಕಿದರು. ಚಕ್ರ ಬಲಕ್ಕೆ ಬಂತು, ಗುಂಡಿಗಳು ತಮ್ಮ ಬದಿಗೆ ಬಂದವು. ಜಾರಿದ ಬಾಯಿಯೂ ಆಚೆ ಬದಿಗೆ ಹೋಯಿತು.

"ಇದ್ಯಾರು?" ಎಂದಳು ಚಿಕ್ಕಮ್ಮ. ದನಿ ಕುಗ್ಗಿತ್ತು. "ನನ್ನ ಬಾಯಿ ಇಷ್ಟು ಸೊಟ್ಟಗಿದ್ಯಾ?"

ಹದಿನೆಂಟು ವರ್ಷ ಕನ್ನಡಿಯ ಜೊತೆ ಒಪ್ಪಂದ ಮಾಡಿಕೊಂಡಿದ್ದವಳಿಗೆ, ಲೋಕ ಕಾಣುವ ಮುಖ ಪರಕೀಯಳ ಮುಖವಾಗಿತ್ತು. ಆಗ ಮೇಷ್ಟ್ರೇ ಮುಂದೆ ಬಂದರು. ಒಂದು ಚೂರು ಸುಳ್ಳನ್ನೂ ತೆರೆಯ ಮೇಲೆ ಸಹಿಸದ ಮನುಷ್ಯ ಹೇಳಿದ ಮಾತು ಇದು: "ತಪ್ಪು ತಿಳ್ಕೋಬೇಡಿ ಅಮ್ಮಾ. ನೀವು ಹೂಂ ಅಂದ್ರೆ ಮೊದಲಿನ ಹಾಗೇ ಇಟ್ಬಿಡೋಣ. ಚಕ್ರ ಯಾವ ಕಡೆ ಇದೆ ಅಂತ ಯಾರು ನೋಡ್ತಾರೆ?"

"ಹೊಲಿಯೋರು ನೋಡ್ತಾರೆ" ಎಂದಳು ಚಿಕ್ಕಮ್ಮ. ಮತ್ತೆ ಬಹಳ ಹೊತ್ತು ತೆರೆಯ ಮೇಲೆ ನಿಂತಿದ್ದ ಆ ಮುಖವನ್ನು ನೋಡಿದಳು. ಆಮೇಲೆ ಹುಡುಗಿಯ ಕಡೆ ತಿರುಗಿದಳು.

"ನಿನಗೆ ದಿನಾ ಕಾಣೋದು ಇದೇನಾ?"

"ಹೂಂ ಚಿಕ್ಕಮ್ಮಾ."

"ಚಿಕ್ಕೋಳಿದ್ದಾಗಿಂದ?"

"ನನಗೆ ಗೊತ್ತಿರೋದೇ ಈ ಮುಖ."

ಚಿಕ್ಕಮ್ಮ ಎದ್ದು ಟೇಪನ್ನು ಕುತ್ತಿಗೆಯಲ್ಲಿ ಸರಿಮಾಡಿಕೊಂಡಳು. "ಹಾಗಾದ್ರೆ ಇದೇ ಇರ್ಲಿ ಬಿಡು. ನನ್ನ ಮುಖ ನಾನು ನೋಡ್ಕೊಳ್ಳೋದು ದಿನಕ್ಕೆ ಎರಡು ನಿಮಿಷ. ನೀನು ನೋಡಿರೋದೇ ಜಾಸ್ತಿ."

ಹುಡುಗಿ ಅತ್ತಳು. ಅಳುವ ಹಾಗಿಲ್ಲ ಎಂದಿದ್ದು ಉಹೂಂ ಎಂದಾಗ ತಾನೆ. ಮೇಷ್ಟ್ರು ಮಾತ್ರ ಬಾಗಿಲ ತನಕ ಚಿಕ್ಕಮ್ಮನ ಹಿಂದೆಯೇ ಹೋಗಿ, ನಲವತ್ತು ವರ್ಷ ಸಾವಿರಾರು ನೋಡುಗರನ್ನು ಕೇಳಿದ್ದ ತಾವು ತೆರೆಯ ಮೇಲಿದ್ದವರನ್ನು ಒಮ್ಮೆಯೂ ಕೇಳಿರಲಿಲ್ಲವೆಂಬುದು ಆಗಷ್ಟೇ ತಿಳಿದವರಂತೆ, "ಇನ್ನೇನಾದ್ರೂ ತೆಗೀಬೇಕಾ ಅಮ್ಮಾ?" ಎಂದು ಕೇಳಿದರು. "ಆ ಕಾಲು ತೋರಿಸಿದ್ದು ಸ್ವಲ್ಪ ಉದ್ದ ಆಯ್ತು" ಎಂದಳು ಅವಳು, ಹಿಂದಿರುಗಿ ನೋಡದೆ. ಪಾದಗಳ ದೃಶ್ಯದಿಂದ ಮೂರು ಸೆಕೆಂಡು ಅಂದೇ ಹೋಯಿತು.

ಮೇಷ್ಟ್ರಂಥವರು ಪ್ರತಿ ಕಸಬಿನಲ್ಲೂ ಅಲ್ಲೊಬ್ಬರು ಇಲ್ಲೊಬ್ಬರು ಇರುತ್ತಾರೆ. ಅವರ ಹೆಸರಿನಲ್ಲಿ ಹೇಳಿಕೊಳ್ಳುವಂಥ ಒಂದು ಸೃಷ್ಟಿಯೂ ಇರುವುದಿಲ್ಲ. ಬೇರೆಯವರು ಮಾಡಿದ್ದು ಬೇರೆಯವರಿಗೆ ಮುಟ್ಟಿತೋ ಇಲ್ಲವೋ ಎಂಬ ಚಿಂತೆಯಲ್ಲೇ ಅವರ ಆಯುಷ್ಯ ಸವೆದುಹೋಗುತ್ತದೆ. ನಿಷ್ಠುರರೆಂಬ ಅಪಖ್ಯಾತಿ ಅವರಿಗೆ ತಪ್ಪಿದ್ದಲ್ಲ. ಆದರೆ ಅವರ ಹತ್ತಿರ ಕೆಲಸ ಮಾಡಿದವರಿಗೆ ಗೊತ್ತು, ಇತರರನ್ನು ತಿದ್ದುವ ಹಕ್ಕನ್ನು ಅವರು ತಮ್ಮ ವಿದ್ಯೆಯಿಂದ ಪಡೆದಿರುವುದಿಲ್ಲ; ಯಾರ ಬಾಯಿಂದಲಾದರೂ ತಮ್ಮ ತಪ್ಪು ಕೇಳಿಸಿಕೊಂಡು, ಹೌದಲ್ಲ ಎಂದು ಅಲ್ಲಿಯೇ ಒಪ್ಪಿಕೊಳ್ಳುವ ಗುಣದಿಂದ ಪಡೆದಿರುತ್ತಾರೆ. ಕೆಲಸ ಮುಗಿಯಿತು ಎಂದು ಹೇಳುವ ಅಧಿಕಾರವನ್ನು ಅಂಥವರು ತಮ್ಮ ಕೈಯಲ್ಲಿ ಇಟ್ಟುಕೊಳ್ಳುವುದೇ ಇಲ್ಲ.