ಸೋಸಿದ ಬೂದಿ

ಕೂತಿತು. ಬೂದಿಯ ನಡುವೆ ಒಂದು ಗುಳಿ ತೋಡಿ, ಬಾಲ ಎತ್ತಿ, ಎಲ್ಲಿಯೋ ದೂರ ನೋಡುತ್ತ ಕೂತಿತು. ಚಂದ್ರಣ್ಣ ಉಸಿರು ಬಿಗಿಹಿಡಿದು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕಾದ. ಕೆಲಸ ಮುಗಿಸಿದ ಬೆಕ್ಕಿನ ಮರಿ ಹಿಂದಿರುಗಿ ಮೂಸಿತು, ಮುಂಗಾಲಿನಿಂದ ಬೂದಿ ಎಳೆದು ಮುಚ್ಚಿತು, ಮತ್ತೊಮ್ಮೆ ಮೂಸಿ ಖಾತ್ರಿ ಮಾಡಿಕೊಂಡಿತು. ಇಂದು ಯಾರೂ ಅದರ ಕಾಲು ಹಿಡಿದು ಕೆದಕಿಸಿರಲಿಲ್ಲ.

ಬಿ.ಎ. ಪಾಸಾದ ಮೇಲೆ ಅವನು ಹಿಡಿದು ದಡ ಮುಟ್ಟಿಸಿದ ಮೊದಲ ಕೆಲಸ ಇದು. ಯಾರಿಗಾದರೂ ಹೇಳಬೇಕೆನಿಸಿತು. ಹೆಂಡತಿ ಅಂಬಮ್ಮ ಕೊಡ ಹೊತ್ತು ಹಿತ್ತಲಿಂದ ಬರುತ್ತಿದ್ದಳು.

"ಕಲೀತು ನೋಡು," ಅಂದ.

"ಏನು?"

"ಬೂದ್ಯಾಗ ಹೋಗೂದು."

"ಛಲೋ ಆತು," ಅಂದಳು ಅಂಬಮ್ಮ, ನಿಲ್ಲದೆ. "ಇವತ್ತು ಅಯ್ಯನೋರು ಬರ್ತಾರ. ಅದನ್ನ ಒಳಗ ಬಿಡಬ್ಯಾಡ್ರಿ."

ಚಂದ್ರಣ್ಣ ಗೋನೆಗಂಡ್ಲದವನು. ಆದೋನಿಯ ಹತ್ತಿ ವ್ಯಾಪಾರಿ ಏಕಾಂತಪ್ಪನವರಿಗೆ ಒಬ್ಬಳೇ ಮಗಳು. ಓದಿದ ಹುಡುಗ ಬೇಕು, ಆದರೆ ಅವನು ತಮ್ಮ ಮನೆಯಲ್ಲೇ ಇರಬೇಕು ಎಂದು ಅವರು ಹುಡುಕಿ ತಂದದ್ದು ಇವನನ್ನು. ಮದುವೆಯಾದ ವರ್ಷವೇ ಆದೋನಿಯನ್ನು ಮದರಾಸಿನಿಂದ ತೆಗೆದು ಆಂಧ್ರಕ್ಕೆ ಹಾಕಿದರು. ಊರನ್ನು ಯಾರೂ ಕೇಳಲಿಲ್ಲ. ಊರೂ ಏನೂ ಅನ್ನಲಿಲ್ಲ. ಚಂದ್ರಣ್ಣನಿಗೆ ಅದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಕಾಣಲಿಲ್ಲ.

ಈ ಮನೆಯಲ್ಲಿ ಅವನಿಗೆ ಕೊರತೆ ಇರಲಿಲ್ಲ. ಕೊರತೆ ಇಲ್ಲದಿರುವುದೇ ಒಂದು ಬಾಧೆ ಎಂದು ಅವನು ಯಾರ ಮುಂದೆ ಹೇಳಿಕೊಳ್ಳಬೇಕು? ಅತ್ತೆ ಮಹಾಂತಮ್ಮ ಅವನ ಹತ್ತಿರ ನೇರವಾಗಿ ಮಾತಾಡುತ್ತಿರಲಿಲ್ಲ. ಹೇಳುವುದಿದ್ದರೆ ಮಗಳಿಗೆ ಹೇಳುವರು. ಮಗಳಿಲ್ಲದಾಗ ಪಡಸಾಲೆಯ ಕಂಬಕ್ಕೆ ಹೇಳುವರು. ಅದು ಮರ್ಯಾದೆಯೂ ಹೌದು, ಮರ್ಯಾದೆಗಿಂತ ಬೇರೆಯೂ ಹೌದು. ಕಂಬದ ಮೂಲಕವೇ ಅವನು ಊಟಕ್ಕೆ ಏಳುತ್ತಿದ್ದ, ಸ್ನಾನಕ್ಕೆ ಹೋಗುತ್ತಿದ್ದ.

ಮರಿ ಸಿಕ್ಕದ್ದು ಮಾವನ ಗೋದಾಮಿನ ಅರಳೆಯ ರಾಶಿಯಲ್ಲಿ. ತಾಯನ್ನು ನಾಯಿಗಳು ಸ್ಟೇಷನ್ ರಸ್ತೆಯಲ್ಲಿ ಹರಿದು ಹಾಕಿದ್ದವು. ಒಡಹುಟ್ಟಿದವು ಒಂದೊಂದೇ ಸತ್ತವು. ಉಳಿದದ್ದನ್ನು ಅವನು ಅಂಗಿಯೊಳಗೆ ಹಾಕಿಕೊಂಡು ಬಂದ. ಆಗ ಅದಕ್ಕೆ ಕಣ್ಣು ಸರಿಯಾಗಿ ತೆರೆದಿರಲಿಲ್ಲ. ಮೇಕೆ ಹಾಲಿನಲ್ಲಿ ಹತ್ತಿಯ ಬತ್ತಿ ಅದ್ದಿ ಬಾಯಿಗಿಟ್ಟರೆ ಚೀಪುತ್ತಿತ್ತು. ಹೊಟ್ಟೆ ಉಬ್ಬಿ ಒದ್ದಾಡಿದಾಗ ಗೊತ್ತಾಯಿತು: ಇಷ್ಟು ಎಳೆಯ ಮರಿ ತಾಯಿ ನೆಕ್ಕದಿದ್ದರೆ ಉಚ್ಚೆಯನ್ನೂ ಹೊಯ್ಯಲಾರದು. ಅಂದಿನಿಂದ ಮಾವನ ಒಳ್ಳೇ ಉದ್ದೆಳೆಯ ಹತ್ತಿಯನ್ನು ಬಿಸಿನೀರಲ್ಲಿ ಅದ್ದಿ, ಕದ ಮುಂದೆ ಮಾಡಿಕೊಂಡು, ಬಿ.ಎ. ಪದವೀಧರ ಬೆಕ್ಕಿನ ಮರಿಯ ಹಿಂಭಾಗ ಒರೆಸಿದ. ತನ್ನ ಕೈಯ ಕೆಳಗೆ ಆ ಪುಟ್ಟ ಹೊಟ್ಟೆ ಸಡಿಲವಾಗುವಾಗ ಅವನಿಗೆ ನಾಚಿಕೆಯಾಗುವಷ್ಟು ಸುಖವಾಗುತ್ತಿತ್ತು.

ಮಹಾಂತಮ್ಮ ಕಂಬಕ್ಕೆ ಹೇಳಿದ್ದರು: "ಮನಿಯಾಗ ಒಂದ್ ಸಲ ಹೊಲಸು ಮಾಡ್ಲಿ, ಚೀಲದಾಗ ಹಾಕಿ ಹೊಳಿ ದಾಟಿಸ್ತೀನಿ." ಬೆಕ್ಕನ್ನು ಕೊಂದರೆ ಪಾಪ, ನೀರು ದಾಟಿಸಿದರೆ ಪಾಪವಿಲ್ಲ, ಅದು ಹಿಂದಿರುಗಿಯೂ ಬಾರದು.

ಹಾಗಾಗಿ ಈ ವಿದ್ಯಾಭ್ಯಾಸ. ಮೊದಲು ಮರಳು ಇಟ್ಟ; ಮರಿ ಅದನ್ನು ತಿಂದಿತು. ಹತ್ತಿಕಾಳು ಇಟ್ಟ; ಅದು ಆಟದ ಸಾಮಾನಾಯಿತು. ಕೊನೆಗೆ ಚಿಮಣಿ ಎಣ್ಣೆ ಡಬ್ಬಿಯನ್ನು ಅಡ್ಡ ಕತ್ತರಿಸಿ, ಒಲೆಯ ಕುಳ್ಳಿನ ಬೂದಿ ತುಂಬಿದ. ಒರಟು ಚೂರು ಎಳೆಯ ಪಾದಕ್ಕೆ ಚುಚ್ಚುತ್ತವೆಂದು ಹಳೇ ಧೋತರದಲ್ಲಿ ಸೋಸಿದ. ಹಾಲು ಕುಡಿದ ಕೂಡಲೇ ಮರಿಯನ್ನು ಎತ್ತಿ ಅದರಲ್ಲಿ ನಿಲ್ಲಿಸಿ, ಪಾದ ಹಿಡಿದು ಕೆದಕಿಸುವನು. ಹಿಟ್ಟಿನಂಥ ನುಣುಪು ಬೂದಿಯೆಂದರೆ ಕೂರುವ ಜಾಗ ಎಂದು ಅದರ ತಲೆಗೆ ಹತ್ತಬೇಕು. ಇಂದು ಹತ್ತಿತ್ತು.

ಅದಾದ ಮೇಲೆ ಅವನು ಎಂದಿನಂತೆ ಮಾವನ ಹಿಂದೆ ಹತ್ತಿ ಬಜಾರಿಗೆ ಹೋದ. ಅಲ್ಲಿ ಬೆಲೆ ಬಾಯಲ್ಲಿ ಹೇಳುವುದಿಲ್ಲ. ಟವಲಿನ ಕೆಳಗೆ ಕೈಗೆ ಕೈ ಸೇರಿಸಿ, ಬೆರಳು ಒತ್ತಿ ಹೇಳುತ್ತಾರೆ. ಮುಖಗಳು ಮಾತ್ರ ಮಳೆ ಬೆಳೆ ಮಾತಾಡುತ್ತಿರುತ್ತವೆ. ಬಂದ ಹೊಸತರಲ್ಲಿ ಚಂದ್ರಣ್ಣ ಟವಲಿನೊಳಗೆ ಕೈಯಿಟ್ಟು, ಒತ್ತಿದ ಬೆರಳನ್ನು ಲೆಕ್ಕ ಹಾಕಿ, ಪಾಠ ಒಪ್ಪಿಸುವವನಂತೆ ಬೆಲೆಯನ್ನು ಗಟ್ಟಿಯಾಗಿ ಹೇಳಿಬಿಟ್ಟಿದ್ದ. ಬಜಾರು ನಕ್ಕಿತು. ಆಮೇಲೆ ಯಾರೂ ಅವನ ಕಡೆ ಟವಲು ಚಾಚಲಿಲ್ಲ. ಅವನು ಮಾವನ ಪಕ್ಕದಲ್ಲಿ ಕೂತು ನೊಣ ಓಡಿಸುವನು. ಏಕಾಂತಪ್ಪ ಒಳ್ಳೆಯವರು, ಏನೂ ಅನ್ನುತ್ತಿರಲಿಲ್ಲ.

ಹೊಳೆದಂಡೆಯ ನಾಗಲದಿನ್ನೆಯಿಂದ ಯಂಕಣ್ಣನ ಗಾಡಿ ಹತ್ತಿ ಹೊತ್ತು ಬಂದಿತ್ತು. ಎತ್ತುಗಳಿಗೆ ದಣಿವಾರಲಿ, ತಂಪು ಹೊತ್ತಿಗೆ ಹಿಂದಿರುಗಿ ಹೊರಡುತ್ತೇನೆ ಎಂದ ಯಂಕಣ್ಣ. ಮರಿಗೆ ಹಾಲಿಡುವ ಹೊತ್ತಾಯಿತೆಂದು ಚಂದ್ರಣ್ಣ ಎದ್ದ. ಅವನು ಹೋದದ್ದನ್ನು ಯಾರೂ ಗಮನಿಸಲಿಲ್ಲ.

ಮನೆ ಸಾರಿಸಿ ಹಸನಾಗಿತ್ತು. ಅಡಿಗೆಮನೆಯಿಂದ ಹೋಳಿಗೆಯ ವಾಸನೆ ಬರುತ್ತಿತ್ತು. ಮರಿ ಇಡುತ್ತಿದ್ದ ಮೂಲೆಯಲ್ಲಿ ಮರಿಯೂ ಇರಲಿಲ್ಲ, ಡಬ್ಬಿಯೂ ಇರಲಿಲ್ಲ. ಕೆಲಸದ ಹುಸೇನಮ್ಮ, ಅಯ್ಯನವರು ಬರುವ ದಿನ ಈ ಹೊಲಸು ಯಾಕೆಂದು ಬೂದಿಯನ್ನು ತಿಪ್ಪೆಗೆ ಸುರಿದು ಡಬ್ಬಿಯನ್ನು ತೊಳೆದು ಬೋರಲು ಹಾಕಿದ್ದಳು. ಮರಿ ಎಲ್ಲಿ ಎಂದರೆ, ಇಲ್ಲೇ ಎಲ್ಲೋ ಒದರಿಕೊಂಡು ತಿರುಗುತ್ತಿತ್ತು ಅಂದಳು.

ಪೂಜೆಯ ಕೋಣೆಯ ಕದ ಓರೆಯಾಗಿತ್ತು.

ಶಿವರಾತ್ರಿಯ ದಿನ ಮಹಾಂತಮ್ಮ ಉಪವಾಸವಿದ್ದು, ಆಕಳ ಸಗಣಿಯ ಉಂಡೆ ಸುಟ್ಟು ವಿಭೂತಿ ಮಾಡುವರು. ಅದನ್ನು ಮತ್ತೆ ಮತ್ತೆ ತೆಳುಬಟ್ಟೆಯಲ್ಲಿ ಸೋಸಿ, ಜಂಗಮರು ಬಂದ ದಿನ ಮಂತ್ರ ಹೇಳಿಸಿ ವರ್ಷಕ್ಕಾಗುವಷ್ಟು ಗಟ್ಟಿ ಕಟ್ಟುವರು. ಆ ವಿಭೂತಿ ಈಗ ಅಗಲವಾದ ಹಿತ್ತಾಳೆ ಪರಾತದಲ್ಲಿ ನೆಲದ ಮೇಲಿತ್ತು. ಅದರ ಮಧ್ಯದಲ್ಲಿ ಮರಿ ಕೂತಿತ್ತು. ಗುಳಿ ತೋಡಿತ್ತು, ಬಾಲ ಎತ್ತಿತ್ತು. ಕಲಿಸಿದ್ದರಲ್ಲಿ ಒಂದನ್ನೂ ತಪ್ಪಿಸಿರಲಿಲ್ಲ.

ಮೊದಲು ಅವನಿಗೆ ಹೆಮ್ಮೆಯಾಯಿತು. ಆಮೇಲೆ ಪರಾತ ಯಾವುದೆಂದು ಹೊಳೆಯಿತು.

ಮರಿ ನೀಟಾಗಿ ಮುಚ್ಚಿ, ಪರಾತದಿಂದ ಹಾರಿ, ಅವನ ಕಾಲಿಗೆ ಮೈ ತಿಕ್ಕಿ ಹೋಯಿತು. ಚಂದ್ರಣ್ಣ ಕದ ಮುಂದೆ ಮಾಡಿದ. ಒದ್ದೆಯಾದದ್ದನ್ನು ಸುತ್ತಲಿನ ಬೂದಿಯ ಸಮೇತ ಕರವಸ್ತ್ರಕ್ಕೆ ತೋಡಿ, ಗಂಟು ಕಟ್ಟಿ, ಕಿಟಕಿಯಿಂದ ಹಿತ್ತಲಿಗೆ ಎಸೆದ. ಉಳಿದದ್ದು ಶುದ್ಧವೋ ಅಶುದ್ಧವೋ? ಅವನು ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದ್ದ. ತರ್ಕ ಅಲ್ಲಿಯೇ ಉಳಿದಿತ್ತು. ಹೇಳಿದರೆ ಸಂಜೆಯೊಳಗೆ ಮರಿ ಚೀಲದಲ್ಲಿ. ಹೇಳದಿದ್ದರೆ ಇಡೀ ಮನೆ ಇದನ್ನೇ ಹಣೆಗೆ ಹಚ್ಚಿಕೊಳ್ಳುತ್ತದೆ. ಮೊಣಕಾಲೂರಿ, ಅಂಗೈಯಿಂದ ಗುಳಿಯನ್ನು ಸಮ ಮಾಡತೊಡಗಿದ.

ಕದ ತೆರೆಯಿತು. ಮಹಾಂತಮ್ಮ ನಿಂತಿದ್ದರು.

ಅವರು ಕಂಡದ್ದು ಇಷ್ಟು: ಕರೆಯದೆ ಎಂದೂ ಪೂಜೆಯ ಕೋಣೆ ಹೊಗದ ಅಳಿಯ ವಿಭೂತಿಯ ಮುಂದೆ ಮೊಣಕಾಲೂರಿದ್ದಾನೆ. ಎರಡೂ ಅಂಗೈ ಬೆಳ್ಳಗಾಗಿವೆ. ಮುಖ ಬೆವರಿದೆ. ಅವರು ಸುತ್ತ ನೋಡಿದರು. ಮಗಳಿರಲಿಲ್ಲ. ಕಂಬವೂ ಅಲ್ಲಿರಲಿಲ್ಲ.

"ನೀವಾ ವಿಭೂತಿ ಹಸನ ಮಾಡಾಕತ್ತೀರೇನ್ರಿ?" ಅಂದರು.

ಈ ಮನೆಗೆ ಬಂದ ಮೇಲೆ ಅವರು ಅವನಿಗೆ ನೇರವಾಗಿ ಆಡಿದ ಮೊದಲ ಮಾತು. ಬಿಸಿತುಪ್ಪ ಬಾಯಲ್ಲಿತ್ತು, ಉಗುಳಲೂ ಆಗದು, ನುಂಗಲೂ ಆಗದು.

"ಹೌದ್ರಿ," ಅಂದು ನುಂಗಿದ.

ಮಹಾಂತಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡರು. ಶಿವನೇ ಬುದ್ಧಿ ಕೊಟ್ಟ ಎಂದರು. ಪರಾತವನ್ನು ತಾವೇ ಎತ್ತಿಕೊಂಡು ಹೋದರು.

ಜಂಗಮರಾದ ಗುರುಪಾದಯ್ಯನವರು ಬಂದಾಗ ಬಿಸಿಲು ನೆತ್ತಿಗೇರಿತ್ತು. ಮುದುಕರು, ಇನ್ನೂ ಎರಡು ಮನೆ ನೋಡಬೇಕಾಗಿತ್ತು, ಮಂತ್ರಗಳನ್ನು ಓಡಿಸಿದರು. ಪಾದಪೂಜೆಗೆ ಮುಂಚೆ ಮಹಾಂತಮ್ಮ ಅವರ ಕಿವಿಯಲ್ಲಿ ಏನೋ ಹೇಳಿದ್ದರು. ಪ್ರತಿ ವರ್ಷ ಕಂಬದ ಪಕ್ಕ ಕೂರುವ ಚಂದ್ರಣ್ಣನನ್ನು ಅಯ್ಯನವರು ಮುಂದೆ ಕರೆದು, ಮಾವನಿಗಿಂತ ಮೊದಲು ಅವನ ಹಣೆಗೆ ಮೂರು ಬೆರಳು ಎಳೆದರು, ದಪ್ಪಗೆ. ಅವನು ಏನೋ ಆಗುತ್ತದೆಂದು ಕಾದ. ಏನೂ ಆಗಲಿಲ್ಲ. ವಾಸನೆ ಹುಡುಕಿದ, ಬರೀ ಬೂದಿಯ ವಾಸನೆ. ಏನೂ ಆಗದೆ ಇದ್ದದ್ದು ಅವನನ್ನು ಹೆಚ್ಚು ಹೆದರಿಸಿತು.

ಏಕಾಂತಪ್ಪ ಹಣೆಯೊಡ್ಡಿದರು. ಮಹಾಂತಮ್ಮ ಒಡ್ಡಿದರು. ಅಂಬಮ್ಮನ ಸರದಿ ಬಂದಾಗ ಅಯ್ಯನವರು ಹಣೆಗೆ ಹಚ್ಚಿ, ಇನ್ನೊಂದು ಚಿಟಿಕೆ ಕೈಗಿಟ್ಟರು.

"ಬಾಯಾಗ ಹಾಕ್ಕೋ ತಂಗಿ. ಬರೂ ಶಿವರಾತ್ರಿಗೆ ತೊಟ್ಟಿಲು ಕಟ್ಟಸೂನು."

ಮಕ್ಕಳಿಲ್ಲವೆಂಬ ಮಾತು ಆ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಆಡದೆಯೇ ಅದು ಎಲ್ಲ ಕೋಣೆಗಳಲ್ಲಿ ಓಡಾಡುತ್ತಿತ್ತು. ಅಂಬಮ್ಮ ಕಣ್ಣು ಮುಚ್ಚಿದಳು. ಚಂದ್ರಣ್ಣನ ತುಟಿ ತೆರೆಯಿತು. ಒಂದೇ ಒಂದು ಮಾತು ಸಾಕಾಗಿತ್ತು. ಅತ್ತೆ ಅವನ ಕಡೆ ನೋಡಿ ಅಕ್ಕರೆಯಿಂದ ತಲೆದೂಗಿದರು. ಅಂಬಮ್ಮ ಚಿಟಿಕೆಯನ್ನು ನಾಲಗೆಗೆ ಇಟ್ಟುಕೊಂಡು, ನೀರೂ ಕೇಳದೆ ನುಂಗಿದಳು. ಅವನ ತುಟಿ ಮುಚ್ಚಿಕೊಂಡಿತು. ಅವನಿಗೆ ತನ್ನ ಮೇಲೆ ಅಸಹ್ಯ ಹುಟ್ಟಿತು, ಆದರೆ ಅದು ಊಟ ಬಿಡುವಷ್ಟು ದೊಡ್ಡದಿರಲಿಲ್ಲ.

ಊಟಕ್ಕೆ ಅವನ ಎಲೆ ಮಾವನ ಎಲೆಯ ಸಾಲಿಗೆ ಬಂದಿತ್ತು. ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತಲೇ ಇದ್ದರು. ಏಕಾಂತಪ್ಪ ತುತ್ತಿನ ನಡುವೆ, ನಾಳೆಯಿಂದ ಬಜಾರಿನಲ್ಲಿ ಟವಲಿನೊಳಗೆ ನೀವೇ ಕೈ ಹಾಕಿರಿ, ಬೆರಳಿನ ಲೆಕ್ಕ ನಾನು ಹೇಳಿಕೊಡುತ್ತೇನೆ ಅಂದರು. ಚಂದ್ರಣ್ಣ ಆಗಲಿ ಅಂದ. ನೀರು ಹಾಕಲು ಬಂದ ಅಂಬಮ್ಮ ಅವನೊಬ್ಬನಿಗೆ ಕೇಳುವಷ್ಟು ಮೆಲ್ಲಗೆ ಹೇಳಿದಳು: "ಇವತ್ತು ನೀವು ನಮ್ಮವರಂಗ ಕಂಡ್ರಿ." ಅವಳ ಕಣ್ಣಲ್ಲಿ ಸಂತೋಷವಿತ್ತು. ಅಂಥದ್ದನ್ನು ಅವನು ಅಲ್ಲಿ ಮೊದಲು ಕಂಡಿರಲಿಲ್ಲ. ಅವನಿಗೂ ಸಂತೋಷವಾಯಿತು.

ಮರಿ ಬಾಗಿಲಲ್ಲಿ ಬಂದು ನಿಂತು ಒದರಿತು. ಹುಸೇನಮ್ಮ ಓಡಿಸಲು ಹೋದಳು. ಮಹಾಂತಮ್ಮ ತಡೆದರು.

"ಇರ್ಲಿ ಬಿಡ. ಹೊರಗ ಹೋಗೂದು ಕಲ್ತೈತಂತ, ಅಂಬಿ ಅಂದ್ಲು." ಆಮೇಲೆ ಅವನ ಕಡೆಗೇ ತಿರುಗಿ, "ಇಟ್ಕೊಳ್ರಿ. ಪಾಪ, ತಾಯಿಲ್ಲದ್ದು," ಅಂದರು.

ಬೇಕಾದದ್ದು ಬಂದು ಕೈಗೆ ಕೂತಿತ್ತು. ಚಂದ್ರಣ್ಣ ಮರಿಯನ್ನು ನೋಡಿದ. ಅದು ಅವನನ್ನು ನೋಡುತ್ತಿರಲಿಲ್ಲ. ಪೂಜೆಯ ಕೋಣೆಯ ಕಡೆ ಮೂಗು ಎತ್ತಿ ವಾಸನೆ ಹಿಡಿಯುತ್ತಿತ್ತು. ಅದಕ್ಕೆ ಜಾಗ ಗೊತ್ತಾಗಿಬಿಟ್ಟಿತ್ತು. ನಾಳೆ ಹೋಗುತ್ತದೆ, ನಾಡಿದ್ದು ಹೋಗುತ್ತದೆ. ಒಂದು ದಿನ ಅತ್ತೆಯೇ ನೋಡುತ್ತಾರೆ. ಆಗ ಇವತ್ತಿನದೂ ಅವರಿಗೆ ಹೊಳೆಯುತ್ತದೆ.

"ಬ್ಯಾಡ್ರಿ," ಅಂದ. "ಯಂಕಣ್ಣ ನಾಗಲದಿನ್ನಿಗೆ ಹೊಂಟಾನ. ಚೀಲದಾಗ ಹಾಕಿ ಕಳಿಸಿಬಿಡೂನು. ಹೊಳಿ ದಾಟಿಸ್ತಾನ."

ಅಂಬಮ್ಮ ತಂಬಿಗೆ ಹಿಡಿದು ನಿಂತಳು. "ಕಲೀತು ಅಂದ್ರಲ್ಲ?"

"ಕಲ್ತೈತಿ."

"ಮತ್ತ?"

ಅವನು ಹೋಳಿಗೆ ಮುರಿದ. ಬೆಕ್ಕಿನ ಬುದ್ಧಿ, ಯಾವಾಗ ಹೇಗೋ ಅಂದ. ಏಕಾಂತಪ್ಪ ಮೆಚ್ಚಿ, ಯಂಕಣ್ಣನಿಗೆ ಹೇಳಿ ಕಳಿಸಿದರು. ವ್ಯವಹಾರ ಗೊತ್ತಿರುವವನು ಮೋಹ ಇಟ್ಟುಕೊಳ್ಳಬಾರದು ಅಂದರು. ಅಂಬಮ್ಮ ತಂಬಿಗೆ ಹಿಡಿದು ಒಳಗೆ ಹೋದಳು.

ಅಯ್ಯನವರು ಹೊರಟ ಮೇಲೆ ಮನೆಯವರೆಲ್ಲ ಅಡ್ಡಾದರು. ಪಡಸಾಲೆಯ ಜಮಖಾನದ ಮೇಲೆ ಏಕಾಂತಪ್ಪ ಗೊರಕೆ ಹೊಡೆಯುತ್ತಿದ್ದರು. ಚಂದ್ರಣ್ಣನೂ ಮಲಗಿದ. ನಿದ್ದೆ ಬರಲಿಲ್ಲ. ಅರೆಗಣ್ಣಲ್ಲಿ ಮರಿ ಬರುವುದನ್ನು ಕಂಡ. ಅದು ಅವಸರದಲ್ಲಿತ್ತು, ಮೂಲೆಗೆ ಹೋಗಿ ಬಂದಿತು, ಪೂಜೆಯ ಕೋಣೆಯ ಮುಚ್ಚಿದ ಕದ ಕೆರೆದು ಬಂದಿತು. ಮಾವನ ಮುಖ ಮೂಸಿತು, ಗೊರಕೆಗೆ ಬೆದರಿ ಹಿಂದೆ ಸರಿಯಿತು. ಆಮೇಲೆ ಅವನ ಎದೆ ಹತ್ತಿ, ಗದ್ದದ ಮೇಲೆ ಕಾಲೂರಿ, ಹಣೆಗೆ ಮೂಗು ತಂದಿತು.

ಹೊರಗೆ ಎತ್ತಿನ ಗಂಟೆಯ ಸದ್ದಾಯಿತು. ಯಂಕಣ್ಣನ ಧ್ವನಿ ಕೇಳಿತು.

"ಚೀಲ ತಂದೀನ್ರಿ. ಎಲ್ಲೈತಿ ಬೆಕ್ಕು?"

ಪುಟ್ಟ ಪಾದವೊಂದು ಚಂದ್ರಣ್ಣನ ಹಣೆಯ ಮೇಲೆ ಬಿತ್ತು, ಹಿಂದಕ್ಕೆ ಎಳೆಯಿತು, ಮತ್ತೆ ಬಿತ್ತು. ಒಣಗಿದ ವಿಭೂತಿ ಹುಡಿಯಾಗಿ ಅವನ ರೆಪ್ಪೆಯ ಮೇಲೆ ಉದುರಿತು. ಅವನು ಕಣ್ಣು ಬಿಗಿದು, ತಲೆ ಅಲುಗಿಸದೆ ಹಿಡಿದ. ಮರಿ ಕಲಿತ ಹಾಗೆ ಕೆದಕುತ್ತಲೇ ಇತ್ತು. ಕೆದಕಿದಷ್ಟೂ ಬೂದಿ ಕಡಿಮೆಯಾಗಿ, ಉಗುರಿಗೆ ಬರೀ ಚರ್ಮ ಸಿಕ್ಕುತ್ತಿತ್ತು.