ಎರಡು ಗಾಳಿಯ ಸಮುದ್ರ

ಕಂದು, ನೀಲಿ ಎಲ್ಲೂ ಇಲ್ಲ, ಕುಂಚ ತೊಳೆದ ಡಬ್ಬಿಯ ನೀರಿನ ಬಣ್ಣ, ಕಣ್ಣು ಹೋದಷ್ಟು ದೂರ ಅದೇ ಎದ್ದೆದ್ದು ಬೀಳುತ್ತಿದೆ, ಆಕಾಶ ಎಲ್ಲಿ ಮುಗಿಯಿತು ನೀರು ಎಲ್ಲಿ ಶುರುವಾಯಿತು ಅನ್ನುವುದಕ್ಕೆ ಒಂದು ಗೆರೆ ಬೇಡವೇ — ಆ ಗೆರೆಗಾಗಿಯೇ ಅವಳ ಗಂಡ ಅರ್ಧ ದಿನ ಅಡಿಪಟ್ಟಿ ಹಿಡಿದು ಕೂತಿದ್ದರು, ಮೂವತ್ತೊಂದು ವರ್ಷದ ಹಿಂದೆ, ಫೋಟೋ ಸ್ಟುಡಿಯೋ ತೆರೆಯುವ ಹಿಂದಿನ ವಾರ, ಫೋಟೋದ ಹಿನ್ನೆಲೆಗೆಂದು ಸಮುದ್ರ ಬರೆಯಲು ನೆಲಕ್ಕೆ ಹಾಸಿದ ಪರದೆಯ ಮೇಲೆ ಮೊಣಕಾಲೂರಿ, ಸಮುದ್ರ ಅಂದ್ಮೇಲೆ ನೆಟ್ಟಗಿರ್ಬೇಕು ಕಣೇ, ಆಗಷ್ಟೇ ಮದುವೆಯಾಗಿ ಬಂದ ಅವಳು ಪಟ್ಟಿಯ ಇನ್ನೊಂದು ತುದಿ ಒತ್ತಿ ಹಿಡಿದು ನೆಟ್ಟಗಿದೆ ನೆಟ್ಟಗಿದೆ ಅಂದಿದ್ದಳು, ಇಬ್ಬರೂ ಸಮುದ್ರ ಕಂಡವರಲ್ಲ. ಹೋಟೆಲಿನ ಜಗಲಿಗೆ ಇರಚಲು ಹೊಡೆಯುತ್ತಿದೆ, ಇಡೀ ಹೋಟೆಲಿಗೆ ಅವಳು ಮತ್ತು ತಂಗಿ ಇಬ್ಬರೇ, ಈಜುಕೊಳದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಬಿದ್ದು ತೇಲುತ್ತಿದೆ, ಹಾಸಿಗೆ ಮುಟ್ಟಿದರೆ ತಣ್ಣಗೆ ಅಂಟುತ್ತದೆ, ಬಚ್ಚಲಿನ ಬಾಗಿಲು ಮಳೆಗೆ ಊದಿಕೊಂಡು ಮುಚ್ಚಲು ಬಾರದು, ಬೆಳಿಗ್ಗೆ ತಂಗಿ ಯಾರೂ ಬರ್ಬೇಡಿ ಯಾರೂ ಬರ್ಬೇಡಿ ಅಂತ ಹಾಡಿಕೊಂಡೇ ಸ್ನಾನ ಮುಗಿಸಿದಳು, ಬರುವುದಕ್ಕೆ ಯಾರಿದ್ದಾರೆ. ಇಂಥ ಮಳೇಲಿ ಯಾರಾದ್ರೂ ಸಮುದ್ರಕ್ಕೆ ಬರ್ತಾರಾ ಅಕ್ಕಾ — ಅಂದವಳೂ ಅವಳೇ, ಕರೆದುಕೊಂಡು ಬಂದವಳೂ ಅವಳೇ, ಆಸ್ಪತ್ರೆಯ ನರ್ಸಿಗೆ ರಜ ಸಿಕ್ಕುವುದು ಜನ ರಜ ಕೇಳದ ಕಾಲದಲ್ಲಿ ತಾನೇ, ಗಂಡ ತೀರಿಹೋಗಿ ಐದು ತಿಂಗಳಾಯಿತು, ಇನ್ನೆಷ್ಟು ಕಾಯುವುದು, ಅಷ್ಟಕ್ಕೂ ಅಕ್ಕನಿಗೆ ಬೇಕಾದದ್ದು ಸಮುದ್ರವಲ್ಲ, ಒಂದು ದೋಣಿ, ಹಾಯಿ ಕಟ್ಟಿದ ದೋಣಿ, ಅದರ ತುದಿಗೆ ಒಂದು ಬಾವುಟ.

ಪರದೆಯ ಎಡಗಡೆ ಇತ್ತು ಅದು, ಹಾಯಿ ಬಸುರಿಯ ಹೊಟ್ಟೆಯ ಹಾಗೆ ಬಲಕ್ಕೆ ಉಬ್ಬಿ, ಕಂಬದ ತುದಿಯಲ್ಲಿ ಎರಡು ಬೆರಳಗಲದ ಕೆಂಪು ಬಾವುಟ ಎಡಕ್ಕೆ ಹಾರುತ್ತ, ಯಾಕೆಂದರೆ ಅವರು ಕಂಡದ್ದು ಲಾರಿಯ ಮೇಲಿನ ಬಾವುಟ, ಲಾರಿ ಮುಂದೆ ಓಡಿದರೆ ಬಾವುಟ ಹಿಂದಕ್ಕೆ, ದೋಣಿಯಾದರೂ ಅಷ್ಟೇ ಅಂದುಕೊಂಡರು ಪಾಪ. ಹತ್ತು ವರ್ಷ ಊರಿಗೆ ಊರೇ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡಿತು, ಒಂದು ನರಪಿಳ್ಳೆಯೂ ಬಾಯಿ ಬಿಡಲಿಲ್ಲ, ಆಮೇಲೆ ವಕ್ಕರಿಸಿದ ಒಬ್ಬ ಹಡಗಿನ ಅಡುಗೆಯವನು, ರಜಕ್ಕೆ ಊರಿಗೆ ಬಂದವನು, ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತ, ಏನ್ ಸ್ವಾಮಿ, ನಿಮ್ ಸಮುದ್ರದಲ್ಲಿ ಎರಡು ಗಾಳಿ ಬೀಸುತ್ತಾ, ಹಾಯಿಗೊಂದು ಬಾವುಟಕ್ಕೊಂದು, ಗಾಳಿ ಹಿಂದಿನಿಂದ ಬಂದ್ರೆ ಬಾವುಟಾನೂ ಮುಂದಕ್ಕೇ ಹಾರ್ಬೇಕಲ್ವಾ — ಅವನು ಅಂದದ್ದು ಅಂದ, ನಗಬೇಕಾಗಿತ್ತೇ ಅವಳು, ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಿದ್ದ ಕತ್ತರಿ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು, ಇವರು ಸಮುದ್ರ ನೋಡಿದ್ರೆ ತಾನೇ, ನಲ್ಲಿ ನೀರು ನೋಡ್ಕೊಂಡು ಬರೆದದ್ದು, ಕಾಯುತ್ತ ಕೂತ ಐದಾರು ಜನರ ಎದುರಿಗೆ, ಸಂಜೆಯ ಹೊತ್ತಿಗೆ ಸ್ಟುಡಿಯೋಗೆ ಎರಡು ಗಾಳಿ ಅಂತಲೇ ಹೆಸರು ಬಿದ್ದಿತ್ತು. ಅವರೂ ನಕ್ಕರು, ನಕ್ಕರು ಅಂದುಕೊಂಡಳು. ಎರಡು ಸಲ ಕುಂಚ ಆಡಿಸಿದ್ರೆ ಆಯ್ತಲ್ರೀ ಅಂದರೆ, ಇಲ್ಲ ಕಣೇ, ಬಾಯಿಮಾತು ಕೇಳಿ ಬರೆಯೋದಲ್ಲ, ಒಂದ್ಸಲ ಕಣ್ಣಾರೆ ನೋಡ್ಕೊಂಡ್ ಬಂದು ಸರಿ ಮಾಡ್ತೀನಿ, ಹೋಗ್ಬರೋಣ್ವಾ ಈ ಬೇಸಿಗೇಲಿ, ಬೇಸಿಗೆಯೆಂದರೆ ಶಾಲೆಗೆ ಸೇರುವ ಮಕ್ಕಳ ಫೋಟೋ, ಅಂಗಡಿ ತುಂಬ ಮೂಗು ಸುರಿಸುವ ಮಕ್ಕಳು, ಮುಂದಿನ ವರ್ಷ ನೋಡೋಣ ಬಿಡ್ರಿ, ಸಮುದ್ರ ಎಲ್ಲಿಗೂ ಓಡಿಹೋಗಲ್ಲ — ಹೌದು, ಓಡಿಹೋಗಲಿಲ್ಲ ಅದು, ಇಲ್ಲೇ ಇದೆ. ಅವತ್ತಿನಿಂದ ಅವರು ಎತ್ತರದವರನ್ನೆಲ್ಲ ಎಡಕ್ಕೆ ನಿಲ್ಲಿಸತೊಡಗಿದರು, ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ, ಹಾಂ, ಅಲುಗಾಡ್ಬೇಡಿ, ಮದುಮಗನಾಗಲಿ ಮಾವನಾಗಲಿ ಯಾರದಾದರೂ ಒಂದು ತಲೆ ಬಾವುಟಕ್ಕೆ ಅಡ್ಡ ಬರಲೇಬೇಕು, ಅದೂ ಅವಳಿಗೊಂದು ತಮಾಷೆಯಾಗಿತ್ತು.

ಮಳೆ ಸಣ್ಣಗಾಯಿತು, ಏಳು ಅಕ್ಕಾ ಒಂದ್ ಸುತ್ತು ಹೋಗ್ಬರೋಣ, ಮರಳು ಕಾಲ ಕೆಳಗಿನಿಂದ ಜಾರುತ್ತದೆ, ದೋಣಿಗಳನ್ನೆಲ್ಲ ದಂಡೆಗೆ ಎಳೆದು ಬೋರಲು ಹಾಕಿ ಟಾರ್ಪಾಲು ಹೊದಿಸಿಬಿಟ್ಟಿದ್ದಾರೆ, ಒಂದೂ ನೀರಿನಲ್ಲಿಲ್ಲ, ಶೀಟಿನ ಸೂರಿನಡಿ ಮುದುಕನೊಬ್ಬ ಬಲೆ ಹೊಲಿಯುತ್ತ ಕೂತಿದ್ದಾನೆ. ಹಾಯಿ ದೋಣೀನಾ, ಈಗೆಲ್ಲ ಮೋಟಾರು ತಾಯಿ, ನಮ್ಮಪ್ಪ ಹಾಯಿ ಕಟ್ತಿದ್ದ, ಅದ್ರಲ್ಲೇ ನಾನೂ ಕಲ್ತದ್ದು. ಅವಳು ಕೇಳುತ್ತಾಳೆ, ಪರೀಕ್ಷೆಗೆ ಕೂತವಳ ಹಾಗೆ, ಹಾಯಿ ಬಲಗಡೆ ಉಬ್ಬಿ ಬಾವುಟ ಎಡಗಡೆ ಹಾರೋದು ಇರುತ್ತಾ, ಯಾವ ಗಾಳೀಲಾದ್ರೂ, ಬಿರುಗಾಳೀಲಿ, ದೋಣಿ ತಿರುಗಿಸೋವಾಗ, ಒಂದೇ ಒಂದು ಕ್ಷಣ — ಮುದುಕ ನಗಲಿಲ್ಲ, ಪುಣ್ಯಾತ್ಮ, ಬಲೆಯ ಸೂಜಿಯನ್ನು ತೊಡೆಯ ಮೇಲಿಟ್ಟು, ಕಣ್ಣು ಮುಚ್ಚಿ, ಅಂಗೈಯನ್ನು ದೋಣಿ ಮಾಡಿ ಆ ಕಡೆ ಈ ಕಡೆ ತಿರುಗಿಸಿ ನೋಡಿದ. ಇಲ್ಲ ತಾಯಿ, ಯಾವ ಗಾಳೀಲೂ ಆಗಲ್ಲ, ಯಾರು ಹೇಳಿದ್ದು ನಿಮ್ಗೆ. ನಮ್ಮನೆಯವರು. ದೋಣಿಯವರಾ. ಅಲ್ಲ, ಫೋಟೋದವರು. ಹೌದಾ, ಹಂಗಾದ್ರೆ ಅವ್ರಿಗೇನ್ ಗೊತ್ತಾಗ್ಬೇಕು ಪಾಪ, ಎಂದು ಸೂಜಿ ಎತ್ತಿಕೊಂಡ, ಇವಳೂ ಪಾಪ ಅಂದುಕೊಂಡಿದ್ದಿದ್ದರೆ ಅವತ್ತು, ಅಷ್ಟೇ ಸಾಕಿತ್ತು. ಒಂದೇ ಒಂದು ಗಾಳಿ ಕೇಳಿಕೊಂಡು ಬಂದಿದ್ದಳು ಇಷ್ಟು ದೂರ, ಮನೆಗೆ ಹೋಗಿ ಗೋಡೆಯ ಮೇಲಿನ ಅವರ ಫೋಟೋಗೆ, ನೋಡ್ರಿ ನೀವು ಬರೆದದ್ದೇ ಸರಿಯಂತೆ ಅಂತ ಹೇಳುವುದಕ್ಕೆ, ಅದೂ ಇಲ್ಲ.

ಅಕ್ಕಾ ಅಲ್ಲೇ ನಿಲ್ಲು, ಒಂದ್ ಫೋಟೋ ತೆಗೀತೀನಿ, ತಂಗಿ ಫೋನು ಹಿಡಿದು ಹಿಂದೆ ಹಿಂದೆ ಹೋಗುತ್ತಿದ್ದಾಳೆ, ಅಕ್ಕನ ಬೆನ್ನಿಗೆ ಕಂದು ನೀರು, ಪಕ್ಕದಲ್ಲಿ ಬಿದಿರ ಗಳುವಿಗೆ ಕಟ್ಟಿದ ಕೆಂಪು ಬಾವುಟ, ನೀರಿಗಿಳಿಯಬೇಡಿ ಅನ್ನುವ ಬಾವುಟ, ಪಟಪಟ ಅನ್ನುತ್ತಿದೆ, ಮತ್ತೆ ನೋಡಿದರೆ ಅವಳ ಕಾಲು ತಾನಾಗಿಯೇ ಎಡಕ್ಕೆ ಸರಿಯುತ್ತಿದೆ, ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ, ಯಾಕಕ್ಕಾ, ಬಾವುಟ ತಲೆ ಮೇಲೇ ಬಂತು ನೋಡು, ಈ ಕಡೆ ಬಾ — ಅದನ್ನು ಮುಚ್ಚಲು ತಲೆ ಸಾಲದು, ಗಿಡ್ಡಿ ಅವಳು, ಮೊದಲಿಂದಲೂ, ಹೋದ ವರ್ಷ ಗಿರಾಕಿಯಿಲ್ಲದ ಒಂದು ಬೆಳಿಗ್ಗೆ ಅವರು, ಬಾರೇ ನಿನ್ದೊಂದು ತೆಗೀತೀನಿ, ಎಷ್ಟು ವರ್ಷ ಆಯ್ತು, ಅಂದು ಮೂಲೆಯಿಂದ ಸ್ಟೂಲು ತಂದು ಒರೆಸಿ ಪರದೆಯ ಮುಂದೆ ಇಟ್ಟು, ಹತ್ತು ಇದ್ರ ಮೇಲೆ, ಅಂದರೆ ಅವಳು, ಮೂವತ್ತು ವರ್ಷ ಆದ್ಮೇಲೆ ನಾನು ಗಿಡ್ಡಿ ಅಂತ ಗೊತ್ತಾಯ್ತಾ ನಿಮ್ಗೆ, ಬೀಳಿಸಿ ಸೊಂಟ ಮುರೀಬೇಡಿ, ಅವರು ನಗಲಿಲ್ಲ, ಕ್ಯಾಮೆರಾ ಬಿಟ್ಟು ಬಂದು ಎರಡೂ ಭುಜ ಹಿಡಿದು ಸರಿಸಿ ನಿಲ್ಲಿಸಿದರು, ಎಡಕ್ಕೆ, ಅಂಗಡಿಯಲ್ಲಿ ಇನ್ಯಾರೂ ಇರಲಿಲ್ಲ, ನೋಡುವವರು ಯಾರೂ ಇರಲಿಲ್ಲ, ಆ ಫೋಟೋ ನೋಡುವವಳು ಅವಳೊಬ್ಬಳೇ, ಬಾವುಟವನ್ನು ಊರವರಿಂದ ಮುಚ್ಚಿದ್ದಲ್ಲ ಅವರು, ಅವಳಿಂದ, ಇಪ್ಪತ್ತು ವರ್ಷ ಅವಳ ನಗುವಿನಿಂದ, ಸ್ಟೂಲಿನ ಮೇಲೆ ಅವಳನ್ನೇ ನಿಲ್ಲಿಸಿ ಅವಳ ತಲೆಯಿಂದಲೇ — ಅಕ್ಕಾ, ಅಳ್ತಿದೀಯಾ, ಇಲ್ಲ ಮಳೆ, ತೆಗಿ ನೀನು, ಸ್ವಲ್ಪ ಎಡಕ್ಕೆ, ಸ್ಟೂಲಿಲ್ಲ, ತುದಿಗಾಲಿಗೂ ಎಟಕುವುದಿಲ್ಲ, ಇನ್ನೂ ಸ್ವಲ್ಪ, ಅಲುಗಾಡ್ಬೇಡಿ, ಬಾವುಟ, ಎರಡು ಬೆರಳಗಲ, ಕೆಂಪು, ತಲೆಯ ಮೇಲೆ, ಬಾವುಟ