ಬಿಳಿ ಎಲೆಗೆ ಮದ್ದು

ಜಂಗಮಕೋಟೆಯ ಚಿಕ್ಕವೆಂಕಟಪ್ಪ ಹಿಪ್ಪುನೇರಳೆ ತೋಟಕ್ಕೆ ಕಾಲಿಟ್ಟನೆಂದರೆ ಕಾಯಿಲೆ ಬಿದ್ದ ಎಲೆಗಳು ತಾವಾಗಿಯೇ ಕೈ ಎತ್ತುತ್ತಿದ್ದವು. ಓಡುವ ಬಸ್ಸಿನ ಕಿಟಕಿಯಿಂದ ಇಣುಕಿ, ಅಗೋ ಆ ತೋಟದ ಒಳಸಾಲಿಗೆ ಬೂದಿ ರೋಗ ಹತ್ತಿದೆ ಎಂದು ಹೇಳಿಬಿಡುವ ಕಣ್ಣು ಅವನದು. ವಿಜಯಪುರದಿಂದ ಶಿಡ್ಲಘಟ್ಟದವರೆಗೆ ಅಂಥ ಕಣ್ಣು ಇನ್ನೊಂದು ಹುಟ್ಟಿಲ್ಲ. ಹುಟ್ಟಿದ್ದರೂ ಅವನ ಎದುರಿಗೆ ನಾಚಿ ರೆಪ್ಪೆ ಮುಚ್ಚಿಕೊಂಡಿರುತ್ತದೆ. ಬೂದಿ ರೋಗ ಎಂದರೆ ಎಲೆಯ ಮೇಲೆ ಬಿಳಿ ಮಚ್ಚೆ ಕೂರುವ ಪೀಡೆ. ಆ ಸೊಪ್ಪು ತಿಂದ ರೇಷ್ಮೆ ಹುಳು ಸೊರಗುತ್ತದೆ, ಗೂಡು ಜಾಳಾಗುತ್ತದೆ. ಅದಕ್ಕೇ ಬಿಳಿ ಕಂಡಲ್ಲಿ ಕಿತ್ತು ಸುಡುವುದು ಅವನ ಕೈಗೆ ಉಸಿರಾಟದಷ್ಟು ಸಲೀಸು.

ಅಂಥವನ ಮನೆಗೆ ಮಗಳ ಗಿಡ ಬಂತು.

ಮಗಳು ಮುನಿಲಕ್ಷ್ಮಿ ಚಿಕ್ಕಬಳ್ಳಾಪುರದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಅಪ್ಪನ ಬಾಯಿ ಆಕಾಶಕ್ಕೆ ಏಣಿ ಹಾಕಿದರೆ ಆ ಏಣಿಯ ಮೆಟ್ಟಿಲು ಒಂದೊಂದಾಗಿ ಬಿಚ್ಚಿಟ್ಟು ನಗುವವಳು. ಯುಗಾದಿ ಕಳೆದ ಮೇಲೆ ಅವಳ ರಕ್ತಕ್ಕೇ ಕಾಯಿಲೆ ಬಂತು. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಸೇರಿಸಿಕೊಂಡರು. ಮಣ್ಣಿನ ಕುಂಡ ಅಲ್ಲಿಗೆ ತರಬಾರದು, ಸೋಂಕಾಗುತ್ತೆ ಎಂದರು. ಹಾಗಾಗಿ ಚಿಕ್ಕಬಳ್ಳಾಪುರದಲ್ಲಿ ಅವಳ ಜೊತೆ ಒಂದೇ ರೂಮಿನಲ್ಲಿದ್ದ ಗೆಳತಿ ಜಬೀನ್, ತೆಂಗಿನ ನಾರು ಸುತ್ತಿದ ಕೋಲಿಗೆ ಹಬ್ಬಿದ್ದ ಮನಿಪ್ಲಾಂಟನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಜಂಗಮಕೋಟೆಗೆ ತಂದು ಕೊಟ್ಟುಹೋದಳು.

ಮಗಳು ಫೋನಿನಲ್ಲಿ ಹೇಳಿದಳು: "ಅಪ್ಪಾ, ಹಾಲ್ ಕಿಟಕಿ ಹತ್ರ ಇಡು. ಬಿಸಿಲು ನೇರ ಬೀಳ್ಬಾರ್ದು. ಮಣ್ಣು ಒಣಗಿದ ಮೇಲೆ ನೀರು. ಹೊಸ ಎಲೆ ಬಿಚ್ಚಿದ್ರೆ ನಂಗೆ ತೋರ್ಸು, ಅಷ್ಟೆ. ನಾನು ಅದಕ್ಕೇ ಕಾಯ್ತಾ ಇರ್ತೀನಿ."

"ನಂಗೆ ಸೊಪ್ಪು ಸಾಕೋದು ಹೇಳ್ಕೊಡ್ತೀಯೇನಮ್ಮ? ನೀನು ಹುಟ್ಟೋಕ್ ಮುಂಚೆ ಎಷ್ಟು ಸೊಪ್ಪು ಕೊಯ್ದಿದೀನಿ ಗೊತ್ತಾ? ಒಟ್ಟಿಗೆ ರಾಶಿ ಹಾಕಿದ್ರೆ ನಂದಿಬೆಟ್ಟ ಮುಚ್ಚೋಗ್ತಿತ್ತು!"

"ಬೆಟ್ಟ ಆಮೇಲೆ ಮುಚ್ಚೀವಂತೆ. ಮೊದ್ಲು ಕಿಟಕಿ ಹತ್ರ ಇಡಪ್ಪ."

ಫೋನ್ ಇಟ್ಟು ಗಿಡದ ಕಡೆ ತಿರುಗಿದವನು ಕುಂಡವನ್ನು ಎತ್ತಿ ಬೆಳಕಿಗೆ ಹಿಡಿದ. ಎಲೆ ಎಲೆಗೂ ಬಿಳಿ. ಒಂದಕ್ಕೆ ಅಂಚಿನಲ್ಲಿ, ಒಂದಕ್ಕೆ ನಡುವೆ, ಒಂದಂತೂ ಅರ್ಧಕ್ಕರ್ಧ ಸುಣ್ಣ ಬಳಿದ ಹಾಗೆ. ಅವನು ಮನಿಪ್ಲಾಂಟ್ ಕಾಣದವನೇನಲ್ಲ. ಸಂತೆಬೀದಿಯ ಬೇಕರಿಯಲ್ಲಿ, ಕಟಿಂಗ್ ಅಂಗಡಿಯಲ್ಲಿ ಬಾಟಲಿಯೊಳಗೆ ನಿಂತದ್ದನ್ನು ನೋಡಿದ್ದ. ಅವೆಲ್ಲ ಹಸಿರು. ಇದು ಮಗಳು ಹಾಸಿಗೆ ಹಿಡಿದಾಗ ನೋಡುವವರಿಲ್ಲದೆ ರೋಗ ಹತ್ತಿದ ಗಿಡ; ಅನುಮಾನವೇ ಇಲ್ಲ.

"ಅವಳಿಗೆ ಹೇಳ್ಬೇಡ ಕಣೇ," ಎಂದ ಹೆಂಡತಿ ಲಕ್ಷ್ಮೀನರಸಮ್ಮನಿಗೆ. "ಗಿಡಕ್ಕೂ ಕಾಯಿಲೆ ಅಂದ್ರೆ ಎದೆಗುಂದ್ತಾಳೆ. ವಾಸಿ ಮಾಡಿ ತೋರ್ಸಣ."

"ಒಂದ್ಮಾತು ಕೇಳಿ ಮಾಡಯ್ಯಾ."

"ಎಲೆ ವಿಷ್ಯದಲ್ಲಿ ನಾನು ಯಾರನ್ನ ಕೇಳ್ಬೇಕೇ?"

ಬುಡದಲ್ಲಿ ಅಪ್ಪಟ ಹಸಿರಾಗಿ ಒಡೆದಿದ್ದ ಒಂದೇ ಒಂದು ಕುಡಿ ಬಿಟ್ಟು, ಮಚ್ಚೆಯಿದ್ದ ಬಳ್ಳಿಯನ್ನೆಲ್ಲ ಕತ್ತರಿಸಿದ. ರೋಗ ಹರಡಬಾರದೆಂದು ಹಿತ್ತಲಲ್ಲಿ ಒಂದು ತುಣುಕೂ ಉಳಿಯದಂತೆ ಸುಟ್ಟ. ಕೈಯನ್ನು ಬ್ಲೀಚಿಂಗ್ ನೀರಿನಲ್ಲಿ ತೊಳೆದುಕೊಂಡ. ರೇಷ್ಮೆ ಮನೆಯವನ ಮಡಿಯೆಂದರೆ ಸಾಮಾನ್ಯವೇ, ಪೂಜಾರಪ್ಪನೂ ದೂರ ನಿಂತು ನಮಸ್ಕಾರ ಮಾಡಬೇಕು!

ಆ ಕುಡಿ ಬೆಳೆದದ್ದೋ! ಬೆಳಿಗ್ಗೆ ಟೀವಿಯ ಪಕ್ಕ ಇದ್ದದ್ದು ಸಂಜೆಗೆ ಟೀವಿಯೊಳಗಿನ ವಾರ್ತೆಯವಳ ಹೆಗಲ ಮೇಲೆ ಕೈಯಿಡುವುದೊಂದು ಬಾಕಿ. ಎಲೆಗಳು ಹಸಿರೆಂದರೆ ಹಸಿರು, ಎಣ್ಣೆ ಸವರಿದ ಹಾಗೆ. ಊರವರನ್ನೆಲ್ಲ ಕರೆದು ತೋರಿಸಿದ. ಮಳೆಗಾಲ ಹಿಡಿಯುವ ಹೊತ್ತಿಗೆ ಇನ್ನು ತಡೆಯಲಾರದೆ ಮಗಳಿಗೆ ವಿಡಿಯೋ ಕಾಲ್ ಮಾಡಿಸಿದ.

ಪರದೆಯಲ್ಲಿ ಮಗಳ ತಲೆ ಬೋಳಾಗಿತ್ತು. ಅವನು ಅತ್ತ ನೋಡದೆ ಫೋನನ್ನು ಗಿಡದ ಉದ್ದಕ್ಕೂ ಓಡಿಸಿದ. "ನೋಡಮ್ಮಾ, ಹೆಂಗೈತೆ? ಒಂದು ಮಚ್ಚೆ ಇದ್ರೆ ಹೇಳು! ಎಲ್ಲಾ ನಾನೇ ಕಿತ್ತು ಬಿಸಾಕಿ ವಾಸಿ ಮಾಡ್ದೆ!"

ನೆಟ್‌ವರ್ಕ್ ಹೋಯಿತೆಂದು ಫೋನ್ ಅಲುಗಾಡಿಸಿದ.

"ಇದೀನಪ್ಪ," ಎಂದಳು. "ತುಂಬಾ ಹಸಿರಾಗಿದೆ. ಚೆನ್ನಾಗಿದೆ."

ಆ "ಚೆನ್ನಾಗಿದೆ"ಯನ್ನು ಅವನು ಜಂಗಮಕೋಟೆಯ ಕ್ರಾಸಿನಲ್ಲಿ ನಿಂತು ವಾರವಿಡೀ ಹಂಚಿದ.

ಆಸ್ಪತ್ರೆಯಲ್ಲಿ ಮಗಳ ಜೊತೆಗಿದ್ದ ಜಬೀನ್ ಅವಳ ಬಟ್ಟೆ ಒಯ್ಯಲು ಬಂದವಳು ಹಾಲ್‌ನ ಬಾಗಿಲಲ್ಲೇ ನಿಂತುಬಿಟ್ಟಳು. ಅವನು ತನ್ನ ವೈದ್ಯವನ್ನು ಇನ್ನೊಮ್ಮೆ ವರ್ಣಿಸಿದ. ಅವಳು ನಗಲಿಲ್ಲ.

"ಅಂಕಲ್, ಅದು ರೋಗ ಅಲ್ಲ. ಆ ಗಿಡದ ಬಣ್ಣಾನೇ ಅದು."

"ಏ, ಬಿಳಿ ಇತ್ತಮ್ಮಾ..."

"ಬಿಳಿಗೋಸ್ಕರಾನೇ ಮುನಿ ತಂದಿದ್ದು. ಒಂದೆಲೆ ಇದ್ದಂಗೆ ಇನ್ನೊಂದಿರ್ತಿರ್ಲಿಲ್ಲ. ಸುರುಳಿ ಬಿಚ್ಚೋಕ್ ಮುಂಚೆ ಬಿಳಿ ಯಾವ ಆಕಾರ ಬರುತ್ತೆ ಅಂತ ನಾವಿಬ್ರೂ ಪಂದ್ಯ ಕಟ್ತಿದ್ವಿ. ಮೋಡ ಅಂತಿದ್ಲು, ಕುದುರೆ ಅಂತಿದ್ಲು." ಜಬೀನ್ ದನಿ ತಗ್ಗಿಸಿದಳು. "ನಿಮ್ಗೆ ಹೇಳ್ಬೇಡ ಅಂದಿದ್ಲು. ಆದ್ರೆ ಫೋನಿಟ್ಟ ಮೇಲೆ ಗೋಡೆ ಕಡೆ ತಿರುಗಿ ಮಲ್ಗಿದೋಳು ಊಟಕ್ಕೂ ಏಳ್ಲಿಲ್ಲ ಅಂಕಲ್."

"ಮತ್ತೆ ಬರಲ್ವಾ ಬಿಳಿ?"

"ಬಿಳಿ ಇದ್ದ ಬಳ್ಳಿ ಒಂದು ತುಂಡು ಉಳಿದಿದ್ರೆ ಬರ್ತಿತ್ತು. ಈ ಹಸಿರು ಕುಡಿಯಿಂದ... ಕಷ್ಟ."

ಚಿಕ್ಕವೆಂಕಟಪ್ಪ ಹಿತ್ತಲಿಗೆ ಹೋದ. ಸುಟ್ಟ ಜಾಗದಲ್ಲಿ ಕೈಯಾಡಿಸಿದ. ಮಳೆ ಬಿದ್ದು ಬೂದಿಯೂ ಮಣ್ಣಾಗಿತ್ತು.

ಮಾರನೆಯ ದಿನ ಗಂಡಹೆಂಡಿರು ಆಸ್ಪತ್ರೆಗೆ ಹೋದರು. ದಾರಿಯುದ್ದಕ್ಕೂ ಅವನ ಬಾಯಿಂದ ಒಂದು ಮಾತು ಬೀಳಲಿಲ್ಲ. ಕಂಡಕ್ಟರನೇ ಗಾಬರಿಯಾಗಿ ಎರಡು ಸಲ ತಿರುಗಿ ನೋಡಿದ. ಮುಖಕ್ಕೆ ಮಾಸ್ಕು, ಮೈಗೆ ನೀಲಿ ಅಂಗಿ ಹಾಕಿಸಿ ಒಳಗೆ ಬಿಟ್ಟರು. ಮಂಚದ ಮೇಲಿದ್ದದ್ದು ಮಗಳೋ ಮಡಿಸಿಟ್ಟ ಹೊದಿಕೆಯೋ ಎನ್ನುವ ಹಾಗಿತ್ತು. ತಪ್ಪಾಯಿತು ಎಂದು ಹೇಳಬೇಕೆಂದು ಬಂದಿದ್ದ.

ಅವಳೇ ಕೇಳಿದಳು. "ಗಿಡ ಹೇಗಿದೆಯಪ್ಪ?"

"ಹೊಸ ಎಲೆ ಬಂದೈತಮ್ಮ." ಸ್ವಲ್ಪ ತಡೆದ. "ಬಿಳಿ ಬಂದೈತೆ."

ಲಕ್ಷ್ಮೀನರಸಮ್ಮ ಸೆರಗು ಬಾಯಿಗೊತ್ತಿಕೊಂಡು ಕಿಟಕಿಯ ಕಡೆ ತಿರುಗಿದಳು. ಮಗಳು ಅಪ್ಪನ ಕಣ್ಣನ್ನೇ ನೋಡುತ್ತಿದ್ದಳು.

"ಎಷ್ಟು ದೊಡ್ಡದು?"

ಜೀವಮಾನವೆಲ್ಲ ಬೆಟ್ಟ, ಕೆರೆ, ಆಕಾಶಗಳಲ್ಲೇ ಅಳೆದವನು ಕಿರುಬೆರಳಿನ ತುದಿ ತೋರಿಸಿದ. "ಇಷ್ಟೇ."

"ಯಾವ ಆಕಾರ?"

"ನಮ್ಮ ಹುಳು ಇದ್ದಂಗೆ. ಸೊಪ್ಪು ತಿಂದು ಅಂಚಲ್ಲಿ ಮಲಗೈತಲ್ಲ, ಹಂಗೆ."

"ಛೆ," ಎಂದಳು ಮುನಿಲಕ್ಷ್ಮಿ. ನಗುವಿಗೆ ಉಸಿರು ಸಾಲಲಿಲ್ಲ. "ನಾನು ಮೀನು ಅಂದ್ಕೊಂಡಿದ್ದೆ. ಸೋತೆ." ಆಮೇಲೆ, "ಅದನ್ನ ಕೀಳ್ಬೇಡಪ್ಪ."

"ಇಲ್ಲಮ್ಮ. ಕೀಳಲ್ಲ."

ಹೊರಗೆ ಬೆಂಚಿನ ಮೇಲೆ ಕೂತಾಗ ಹೆಂಡತಿ ಕೇಳಿದಳು: "ನಂಬಿದ್ಲೇನಯ್ಯಾ?"

"ಎಲ್ಲಿ ನಂಬ್ತಾಳೆ. ನನ್ನ ಸುಳ್ಳು ಅವಳಿಗೆ ಗೊತ್ತಿಲ್ವೇನೇ," ಎಂದು ಮಾಸ್ಕು ತೆಗೆಯದೆಯೇ ಅತ್ತ.

ಗೌರಿ ಹಬ್ಬದ ಮುಂಚೆ ಮುನಿಲಕ್ಷ್ಮಿ ಹೋದಳು.

ತಿಥಿಗೆ ಬಂದ ನೆಂಟರು ಹಾಲ್‌ನಲ್ಲಿ ಕೂತು, ಮಾತಿಗೆ ಏನೂ ತೋಚದೆ, ತೊಲೆಯವರೆಗೆ ಹಬ್ಬಿದ ಬಳ್ಳಿಯನ್ನು ನೋಡಿದರು. "ಎಂಥಾ ಹಸಿರಪ್ಪ ಇದು! ಏನು ಹಾಕ್ತೀಯೋ ಚಿಕ್ಕವೆಂಕಟಪ್ಪಾ?" ಎಂದು ಒಬ್ಬರು ಕೇಳಿದರು.

ತುದಿಯಲ್ಲಿ ಎಳೆಯ ಸುರುಳಿಯೊಂದು ಬಿಚ್ಚುತ್ತಿತ್ತು. ಅವನು ಎದ್ದು ಹೋಗಿ, ಕನ್ನಡಕ ಏರಿಸಿ, ಅದನ್ನು ಮುಟ್ಟದೆ ಬಹಳ ಹೊತ್ತು ನೋಡಿದ. ಹಸಿರು. ಕುಂಡವನ್ನು ಕಿಟಕಿಯ ಬೆಳಕಿಗೆ ಇನ್ನಷ್ಟು ಹತ್ತಿರ ಸರಿಸಿ, ಮಣ್ಣು ಒಣಗಿದೆಯೇ ಎಂದು ಬೆರಳಿಟ್ಟು ನೋಡಿದ.